ಹಗ್ಗ ಬಿಗಿದಷ್ಟೂ ಕೊಕ್ಕೆಗೆ ಕೇಡು

ಬಟ್ಟೆ ಒಣಹಾಕುವ ಹಗ್ಗವು ಜೋತುಬಿದ್ದರೆ ಅನೇಕ ಗೃಹಸ್ಥರ ಮನಸ್ಸಿಗೆ ಸಮಾಧಾನವಿಲ್ಲ. ಅದನ್ನು ವೀಣೆಯ ತಂತಿಯಂತೆ ಬಿಗಿದು ಕಟ್ಟುತ್ತಾರೆ. ಮರುದಿನ ಒದ್ದೆಯ ಕಂಬಳಿಯೊಂದನ್ನು ಹಾಕಿದೊಡನೆ ಗೋಡೆಯ ಕೊಕ್ಕೆಯು ಗಾರೆಸಹಿತ ಕಿತ್ತುಬರುತ್ತದೆ. ಕೆಳಗೆ ಆಡುತ್ತಿರುವ ಮಗುವಿಗೆ ಪೆಟ್ಟಾಗದಿದ್ದರೆ ಅದೇ ಪುಣ್ಯ. ಆರು ಕಿಲೋಗ್ರಾಂ ಭಾರಕ್ಕೆ ಅಷ್ಟು ಗಟ್ಟಿಯಾದ ಕೊಕ್ಕೆ ಕೀಳುವುದೆಂತು? ಹಗ್ಗ ಮಾರಿದವನನ್ನು ದೂರುವ ಮುನ್ನ ಭೌತಶಾಸ್ತ್ರದ ಒಂದು ಸಣ್ಣ ವಿಷಯವನ್ನು ತಿಳಿಯುವುದು ಒಳ್ಳೆಯದು.

ಅಳೆಯತಕ್ಕ ಸಂಗತಿಗಳಲ್ಲಿ ಎರಡು ಜಾತಿಗಳುಂಟು. ಪಾತ್ರೆಯಲ್ಲಿರುವ ಹಾಲು, ಕಳೆದ ಹೊತ್ತು, ಜ್ವರದ ಕಾವು, ಇವುಗಳಿಗೆ ಅಳತೆಯೊಂದನ್ನು ಹೇಳಿದರೆ ಸಾಕು, ಇವು ಅದಿಶಗಳು. ಬಲ, ವೇಗ ಮೊದಲಾದವುಗಳಿಗಾದರೋ ದಿಕ್ಕನ್ನೂ ಹೇಳದಿದ್ದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ, ಇವು ಸದಿಶಗಳು. ಇವಕ್ಕೆ ಇಂಗ್ಲಿಷಿನಲ್ಲಿರುವ ವೆಕ್ಟರ್ ಎಂಬ ಹೆಸರನ್ನು 19ನೆಯ ಶತಮಾನದ ನಡುವಿನಲ್ಲಿ ಬಳಕೆಗೆ ತಂದವನು ಐರ್ಲೆಂಡಿನ ಗಣಿತಜ್ಞ ಹ್ಯಾಮಿಲ್ಟನ್. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ‘ಹೊರುವವನು’ ಎಂದರ್ಥ.

ಸದಿಶವನ್ನು ಬಾಣದ ಗುರುತಿನಿಂದ ಬರೆಯುವುದು ರೂಢಿ. ಬಾಣದ ಉದ್ದವೇ ಅಳತೆ, ಮೊನೆಯೇ ದಿಕ್ಕು. ಎರಡನ್ನು ಕೂಡಬೇಕಾದರೆ ಒಂದರ ಮೊನೆಗೆ ಇನ್ನೊಂದರ ಬುಡವನ್ನು ಸೇರಿಸಿ, ಮೊದಲ ಬುಡದಿಂದ ಕಡೆಯ ಮೊನೆಗೆ ಗೆರೆಯೆಳೆಯತಕ್ಕದ್ದು. ಪೂರ್ವಕ್ಕೆ 3 ಮೈಲಿ, ಅಲ್ಲಿಂದ ಉತ್ತರಕ್ಕೆ 4 ಮೈಲಿ ನಡೆದವನು ಹೊರಟ ಸ್ಥಳದಿಂದ 7 ಮೈಲಿ ದೂರವಿರುವುದಿಲ್ಲ, 5 ಮೈಲಿ ದೂರವಿರುತ್ತಾನೆ. ಮೊದಲು ಉತ್ತರಕ್ಕೆ ನಡೆದರೂ ಸೇರುವ ಸ್ಥಳ ಅದೇ. ಬಲಗಳೂ ಹೀಗೆಯೇ ಕೂಡುತ್ತವೆಂಬುದನ್ನು ನ್ಯೂಟನ್ನನು 1687ರ ತನ್ನ ಮಹಾಗ್ರಂಥದ ಆರಂಭದಲ್ಲಿಯೇ ಹೇಳಿರುವನು. ದಿಕ್ಕು ಇದ್ದ ಮಾತ್ರಕ್ಕೆ ಎಲ್ಲವೂ ಸದಿಶವಲ್ಲ: ತಂತಿಯ ವಿದ್ಯುತ್ ಪ್ರವಾಹಕ್ಕೆ ದಿಕ್ಕುಂಟು, ಆದರೆ ತಂತಿಗಳು ಕೂಡುವಲ್ಲಿ ಪ್ರವಾಹಗಳು ಬರಿಯ ಸಂಖ್ಯೆಗಳಂತೆ ಕೂಡಿಕೊಳ್ಳುತ್ತವೆ.

ಕೂಡಿದ್ದನ್ನು ಒಡೆಯಲೂ ಬಹುದು. ನಮ್ಮ ಹಗ್ಗದ ಗುಟ್ಟು ಇರುವುದು ಇಲ್ಲಿಯೇ. ಕೊಕ್ಕೆಯಿಂದ ಕೊಕ್ಕೆಗೆ 20 ಅಡಿ. ನಟ್ಟನಡುವೆ 6 ಕಿಲೋಗ್ರಾಮಿನ ಕಂಬಳಿ. ಆ ಭಾರಕ್ಕೆ ಹಗ್ಗದ ನಡು 1 ಅಡಿ ತಗ್ಗಿದೆ ಎನ್ನೋಣ. ಹಗ್ಗದ ಎರಡು ಭಾಗಗಳೂ ಓರೆಯಾಗಿ ಎಳೆಯುತ್ತವೆ. ಆ ಎಳೆತದಲ್ಲಿ ಅಡ್ಡವಾದ ಪಾಲುಗಳು ಎಡಬಲಗಳಿಗೆ ಸಮನಾಗಿ ಜಗ್ಗಿ ಒಂದನ್ನೊಂದು ಕಳೆದುಕೊಳ್ಳುತ್ತವೆ. ಕಂಬಳಿಯನ್ನು ಹೊರುವುದು ಮೇಲ್ಮುಖವಾದ ಪಾಲು ಮಾತ್ರ. 10 ಅಡಿಗೆ 1 ಅಡಿ ಇಳಿಜಾರಾದುದರಿಂದ ಆ ಪಾಲು ಎಳೆತದ ಹತ್ತರಲ್ಲೊಂದು. ಒಂದೊಂದು ಬದಿಯೂ 3 ಕಿಲೋಗ್ರಾಂ ಹೊರಬೇಕು. ಆದುದರಿಂದ ಒಂದೊಂದು ಕೊಕ್ಕೆಯ ಮೇಲೂ ಸುಮಾರು 30 ಕಿಲೋಗ್ರಾಂ ತೂಗಿದಷ್ಟು ಎಳೆತ ಬೀಳುತ್ತದೆ! ಇನ್ನೂ ಬಿಗಿದು ಅರ್ಧ ಅಡಿಯಷ್ಟೇ ತಗ್ಗುವಂತೆ ಮಾಡಿದರೆ ಅದು 60 ಆಗುವುದು. ಎಳ್ಳಷ್ಟೂ ತಗ್ಗದಂತೆ ಕಟ್ಟುವೆನೆಂದರೆ ಭೀಮಸೇನನಿಂದಲೂ ಆಗದು. ಅಡ್ಡ ಎಳೆತದಲ್ಲಿ ಮೇಲ್ಮುಖವಾದ ಪಾಲೇ ಇಲ್ಲ.

ಹಗ್ಗವನ್ನು 2 ಅಡಿ ತಗ್ಗುವಂತೆ ಸಡಿಲಿಸಿದರೆ ಎಳೆತವು 15ರ ಸುಮಾರಿಗೆ ಇಳಿಯುತ್ತದೆ. ಜೋತ ಹಗ್ಗವು ಕಣ್ಣಿಗೆ ಹಿತವಲ್ಲವೆನ್ನುವವರು ನಡುವೆ ಒಂದು ಬಿದಿರಿನ ಕವೆಗೋಲನ್ನು ಆನಿಸಲಿ. ಅದು ಭಾರವನ್ನು ನೆಟ್ಟಗೆ ಮೇಲಕ್ಕೆ ಹೊರುವುದರಿಂದ ಕೊಕ್ಕೆಗಳ ಪಾಲಿಗೆ ಉಳಿಯುವ ಎಳೆತ ಅತ್ಯಲ್ಪ.