ನಿಧಾನವಾದ ಗಣಕಯಂತ್ರವೂ ಸಹಕಾರ ಸಂಘದ ವೆಚ್ಚವೂ

ಸಹಕಾರ ಸಂಘಗಳ ಲೆಕ್ಕಪುಸ್ತಕಗಳನ್ನು ತೆರೆದು ನೋಡಿದರೆ ಕಾಗದ, ಬಾಡಿಗೆ, ವಿದ್ಯುಚ್ಛಕ್ತಿ, ಸಂಬಳ ಮೊದಲಾದ ವೆಚ್ಚಗಳೆಲ್ಲವೂ ತಮ್ಮ ತಮ್ಮ ಬಾಬುಗಳಲ್ಲಿ ನಮೂದಾಗಿರುತ್ತವೆ. ಆದರೆ ಕಚೇರಿಯ ಗಣಕಯಂತ್ರವು ನಿಧಾನವಾಗಿ ಕೆಲಸ ಮಾಡುವುದರಿಂದಾಗುವ ನಷ್ಟಕ್ಕೆ ಯಾವ ಲೆಡ್ಜರಿನಲ್ಲಿಯೂ ಪುಟವಿರುವುದಿಲ್ಲ. ಅದರಲ್ಲಿ ಕೆಲಭಾಗವು ಸಂಬಳದ ಬಾಬಿನಲ್ಲಿ ಅಡಗಿರುತ್ತದೆ. ಉಳಿದ ದೊಡ್ಡ ಭಾಗವು ಸಂಘದ ಲೆಕ್ಕಕ್ಕೇ ಬಾರದೆ, ಕಿಟಕಿಯ ಮುಂದೆ ಸಾಲಾಗಿ ನಿಂತಿರುವ ರೈತ ಸದಸ್ಯರ ತಲೆಯ ಮೇಲೆ ಬೀಳುತ್ತದೆ.

೧೯೦೫ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದಾಗ ಲೇಖಣಿಯ ವೇಗವೇ ಕಚೇರಿಯ ವೇಗವಾಗಿದ್ದಿತು. ಈ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರದ ‘ಭೂಮಿ’ ಯೋಜನೆಯು ಸುಮಾರು ೬೭ ಲಕ್ಷ ಹಿಡುವಳಿದಾರರ ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ೨೦೨೨ನೆಯ ಜೂನ್ ತಿಂಗಳಿನಲ್ಲಿ ಕೇಂದ್ರ ಸಚಿವ ಸಂಪುಟವು ದೇಶದ ೬೩,೦೦೦ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಗಣಕಯಂತ್ರಗಳನ್ನು ಒದಗಿಸುವ ೨,೫೧೬ ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯನ್ನಿತ್ತಿತು. ಆದುದರಿಂದ ಯಂತ್ರದ ವೇಗವೆಂಬುದು ಪಟ್ಟಣದ ದೊಡ್ಡ ವ್ಯಾಪಾರಗಾರರಿಗೆ ಮಾತ್ರ ಸಂಬಂಧಿಸಿದ ಸಂಗತಿಯೆಂದು ತಿಳಿಯತಕ್ಕದ್ದಲ್ಲ.

ನಿಧಾನದಿಂದಾಗುವ ನಷ್ಟವು ಕಾಯುವ ಕಾಲಕ್ಕಷ್ಟೇ ಸಮನೆಂದು ಅನೇಕರು ಭಾವಿಸುವುದುಂಟು. ಇದು ಸರಿಯಲ್ಲ. ಅಮೆರಿಕೆಯ ಐಬಿಎಂ ಸಂಸ್ಥೆಯ ಡೋಹರ್ಟಿ ಮತ್ತು ಥಡಾನಿ ಎಂಬುವರು ೧೯೮೨ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದರ ಅಳತೆಯು ದೊರೆಯುತ್ತದೆ. ಯಂತ್ರವು ಉತ್ತರ ಕೊಡಲು ೩ ಸೆಕೆಂಡು ತೆಗೆದುಕೊಂಡಾಗ ಒಬ್ಬ ಕೆಲಸಗಾರನು ಗಂಟೆಗೆ ಸುಮಾರು ೧೮೦ ಆಜ್ಞೆಗಳನ್ನು ಮುಗಿಸುತ್ತಿದ್ದನು. ಅದೇ ಉತ್ತರವು ೦.೩ ಸೆಕೆಂಡಿನಲ್ಲಿ ಬರತೊಡಗಿದಾಗ ಆ ಸಂಖ್ಯೆಯು ೩೭೧ಕ್ಕೆ ಏರಿತು. ಲೆಕ್ಕ ಹಾಕಿ ನೋಡಿದರೆ ಯಂತ್ರದಲ್ಲಿ ಉಳಿದುದು ೨.೭ ಸೆಕೆಂಡು ಮಾತ್ರ. ಆದರೆ ಪ್ರತಿಯೊಂದು ಆಜ್ಞೆಯಲ್ಲಿಯೂ ಒಟ್ಟು ೧೦.೩ ಸೆಕೆಂಡು ಉಳಿತಾಯವಾಯಿತು. ಕಾರಣವು ಮನುಷ್ಯಸ್ವಭಾವದಲ್ಲಿದೆ. ಯಂತ್ರವು ತಡೆದಾಗ ಮನಸ್ಸು ಬೇರೆಡೆಗೆ ಹರಿಯುತ್ತದೆ. ಉತ್ತರ ಬಂದ ಮೇಲೆ ಎಲ್ಲಿಗೆ ನಿಲ್ಲಿಸಿದ್ದೆನೆಂಬುದನ್ನು ಮತ್ತೆ ನೆನೆದುಕೊಳ್ಳಬೇಕಾಗುತ್ತದೆ. ಕಪಿಲೆ ಹೊಡೆಯುವಾಗ ಹಗ್ಗವು ಪದೇ ಪದೇ ಸಿಕ್ಕಿಕೊಳ್ಳುತ್ತಿದ್ದರೆ ಎತ್ತುಗಳ ನಡೆಯೇ ಕೆಟ್ಟುಹೋಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಉದಾಹರಣೆಗಾಗಿ ಒಂದು ಸಂಘವನ್ನು ಊಹಿಸಿಕೊಳ್ಳಬಹುದು. ಅಲ್ಲಿನ ಗುಮಾಸ್ತನು ದಿನಕ್ಕೆ ೧೨೦ ಸದಸ್ಯರ ವ್ಯವಹಾರಗಳನ್ನು ಬರೆದುಕೊಳ್ಳುವನೆಂದೂ, ಒಂದೊಂದಕ್ಕೆ ಹತ್ತು ಸಲ ಗುಂಡಿಯನ್ನೊತ್ತಿ ಉತ್ತರವನ್ನು ಕಾಯಬೇಕೆಂದೂ, ಪ್ರತಿಸಲವೂ ೩ ಸೆಕೆಂಡು ಹೆಚ್ಚಾಗಿ ವ್ಯರ್ಥವಾಗುವುದೆಂದೂ ಇಟ್ಟುಕೊಳ್ಳೋಣ. ದಿನಕ್ಕೆ ೩,೬೦೦ ಸೆಕೆಂಡು, ಎಂದರೆ ಪೂರ್ಣ ಒಂದು ಗಂಟೆ ಹೋಯಿತು. ತಿಂಗಳಿಗೆ ೨೬ ದಿನಗಳ, ದಿನಕ್ಕೆ ೮ ಗಂಟೆಗಳ ಕೆಲಸಕ್ಕೆ ಸಂಬಳವು ೧೮,೦೦೦ ರೂಪಾಯಿಯಾದರೆ, ಹೀಗೆ ಹಾಳಾದ ೨೬ ಗಂಟೆಗಳ ಬೆಲೆಯು ೨,೨೫೦ ರೂಪಾಯಿ, ವರ್ಷಕ್ಕೆ ೨೭,೦೦೦. ಇದರಲ್ಲಿ ಮನಸ್ಸು ಚದುರುವುದರಿಂದಾಗುವ ನಷ್ಟವು ಸೇರಿಲ್ಲ. ಸಾಲಿನಲ್ಲಿ ಸದಾ ಎಂಟು ಜನರಿದ್ದರೆ ಗುಮಾಸ್ತನ ಒಂದು ಗಂಟೆಯು ಅವರೆಲ್ಲರದೂ ಕೂಡಿ ಎಂಟು ಗಂಟೆಗಳಾಗುತ್ತದೆ, ಅಂದರೆ ಪ್ರತಿದಿನವೂ ಒಂದು ಆಳಿನ ಕೂಲಿ. ಬಿತ್ತನೆಯ ಹದ ಬಂದಿರುವಾಗ ಗೊಬ್ಬರಕ್ಕಾಗಿ ಬಂದು ನಿಂತವನಿಗೆ ಅದು ಕೂಲಿಗಿಂತಲೂ ಹೆಚ್ಚಿನ ಬೆಲೆಯುಳ್ಳದ್ದು.

ಹೀಗೆಂದು ಕೂಡಲೇ ಹೊಸ ಯಂತ್ರವನ್ನು ಕೊಳ್ಳಲು ಹೊರಡುವುದು ಬುದ್ಧಿವಂತಿಕೆಯಲ್ಲ. ಅಂಗಡಿಯವನು ಅದನ್ನೇ ಹೇಳುವನಾದರೂ ಮೊದಲು ರೋಗವೆಲ್ಲಿದೆಯೆಂದು ನೋಡತಕ್ಕದ್ದು. ಹಳೆಯ ಯಂತ್ರಗಳಲ್ಲಿ ದೋಷವು ಬಹುಮಟ್ಟಿಗೆ ಹಾರ್ಡ್ ಡಿಸ್ಕಿನಲ್ಲಿಯೋ ರ್‍ಯಾಮ್ ಎಂಬ ತಾತ್ಕಾಲಿಕ ನೆನಪಿನ ಕೊರತೆಯಲ್ಲಿಯೋ ಇರುತ್ತದೆ. ಹಾರ್ಡ್ ಡಿಸ್ಕೆಂಬುದು ತಿರುಗುವ ತಟ್ಟೆ. ನಿಮಿಷಕ್ಕೆ ೭,೨೦೦ ಸುತ್ತು ತಿರುಗಿದರೂ, ಬೇಕಾದ ಅಕ್ಷರವಿರುವ ಜಾಗವನ್ನು ಹುಡುಕಲು ಪ್ರತಿಸಲವೂ ಸೆಕೆಂಡಿನ ನೂರರಲ್ಲೊಂದು ಭಾಗದಷ್ಟು ಕಾಲ ಬೇಕು. ಇದು ಅಲ್ಪವೆಂದು ತೋರಬಹುದು. ಆದರೆ ಒಂದು ಕಾರ್ಯಕ್ರಮವು ತೆರೆಯುವಷ್ಟರಲ್ಲಿ ಇಂತಹ ಹುಡುಕಾಟಗಳು ಸಾವಿರಾರು ನಡೆಯುತ್ತವೆ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಎಂಬ ಸಾಧನದಲ್ಲಿ ಅದೇ ಕೆಲಸವು ಹತ್ತು ಸಾವಿರದಲ್ಲೊಂದು ಭಾಗದಷ್ಟರಲ್ಲಿ ಮುಗಿಯುತ್ತದೆ. ಇನ್ನು ರ್‍ಯಾಮ್ ಸಾಲದೆ ಹೋದರೆ ಯಂತ್ರವು ಉಳಿದುದನ್ನು ಡಿಸ್ಕಿನಲ್ಲಿಟ್ಟು ಮತ್ತೆ ಮತ್ತೆ ತೆಗೆಯಬೇಕಾಗಿ ಎರಡು ದೋಷಗಳೂ ಕೂಡಿಕೊಳ್ಳುತ್ತವೆ. ‘ಟಾಸ್ಕ್ ಮ್ಯಾನೇಜರ್’ ಎಂಬ ಪುಟವನ್ನು ತೆರೆದರೆ ನಿಧಾನವಾದ ಹೊತ್ತಿನಲ್ಲಿ ಡಿಸ್ಕು ಮತ್ತು ನೆನಪುಗಳಲ್ಲಿ ಯಾವುದು ಶೇಕಡಾ ನೂರನ್ನು ಮುಟ್ಟಿದೆಯೆಂಬುದು ಕಾಣುತ್ತದೆ. ಆ ಒಂದು ಭಾಗದ ಬೆಲೆಯನ್ನು ವಿಚಾರಿಸಿ, ಮೇಲೆ ತೋರಿಸಿದಂತೆ ಸ್ವಂತ ಕಚೇರಿಯ ತಿಂಗಳ ನಷ್ಟವನ್ನು ಗಣಿಸಿ, ಎರಡನ್ನೂ ಆಡಳಿತ ಮಂಡಲಿಯ ಮುಂದಿಡಬಹುದು.

ಯಂತ್ರದೊಳಗಿನ ಕಡತಗಳು ಬೇಗನೆ ತೆರೆದು, ಅಂತರಜಾಲದ ಪುಟಗಳು ಮಾತ್ರ ತಡವಾಗುತ್ತಿದ್ದರೆ ದೋಷವು ತಂತಿಯಲ್ಲಿಯೋ ದೂರದ ಸರ್ವರಿನಲ್ಲಿಯೋ ಇರುವುದು. ಅಂತಹ ಕಚೇರಿಗೆ ಎಷ್ಟೇ ಬೆಲೆಯ ಹೊಸ ಯಂತ್ರವನ್ನು ತಂದಿಟ್ಟರೂ ಫಲವಿಲ್ಲ. ದಾಖಲೆಗಳನ್ನು ಕಿಟಕಿಗೆ ಬರುವ ಮೊದಲೇ ಪರಿಶೀಲಿಸಿಡುವುದು, ದೂರದ ಹಳ್ಳಿಯವರಿಗೆ ಹೊತ್ತು ಗೊತ್ತುಮಾಡಿ ಚೀಟಿ ಕೊಡುವುದು, ಇವು ಕಾಸಿನ ಖರ್ಚಿಲ್ಲದೆ ಸಾಲನ್ನು ತಗ್ಗಿಸುವ ಉಪಾಯಗಳು.

ವೇಗಕ್ಕೂ ಒಂದು ಮಿತಿಯುಂಟು. ಉತ್ತರವು ಸೆಕೆಂಡಿನ ಹತ್ತರಲ್ಲೊಂದು ಭಾಗದೊಳಗೆ ಬಂದರೆ ಮನುಷ್ಯನಿಗೆ ಅದು ಒಡನೆ ಬಂದಂತೆಯೇ ತೋರುತ್ತದೆ. ಅಲ್ಲಿಂದಾಚೆಗೆ ಕೊಂಡ ವೇಗವು ರಸೀದಿಯಲ್ಲಿ ಮಾತ್ರ ಕಾಣುವಂಥದು. ಕಾಗದ ಬರೆಯುವುದಕ್ಕೂ ಖಾತೆ ನೋಡುವುದಕ್ಕೂ ಚಿತ್ರ ತಯಾರಿಸುವವರ ಯಂತ್ರವನ್ನು ತರುವುದು, ಸಂತೆಗೆ ಒಂದು ಮೂಟೆ ಒಯ್ಯಲು ಎರಡು ಗಾಡಿ ಕಟ್ಟಿದಂತೆಯೇ ಸರಿ.

ಡಿಸ್ಕನ್ನು ಬದಲಿಸುವ ಮೊದಲು ಲೆಕ್ಕಗಳ ಪ್ರತಿಯನ್ನು ಬೇರೆಡೆ ತೆಗೆದಿಟ್ಟು, ಆ ಪ್ರತಿಯು ತೆರೆಯುವುದೇ ಎಂದು ಪರೀಕ್ಷಿಸತಕ್ಕದ್ದು. ಹಳೆಯ ಡಿಸ್ಕನ್ನು ಗುಜರಿಯವನಿಗೆ ಹಾಗೆಯೇ ಕೊಡಬಾರದು. ಸದಸ್ಯರ ಸಾಲದ ವಿವರಗಳೂ ಆಧಾರ್ ಸಂಖ್ಯೆಗಳೂ ಅದರಲ್ಲಿ ಉಳಿದಿರುತ್ತವೆಯಾದುದರಿಂದ, ಅದನ್ನು ಪೂರ್ಣವಾಗಿ ಅಳಿಸಿಯೋ ತಟ್ಟೆಯನ್ನು ಒಡೆದೋ ಕಾರ್ಯದರ್ಶಿಯು ಆ ಸಂಗತಿಯನ್ನು ನಡವಳಿ ಪುಸ್ತಕದಲ್ಲಿ ಬರೆದಿಡಬೇಕು.