ಎರಡನೇ ಕುರ್ಚಿಯ ರಾಜಕೀಯ

ಗುಪ್ತಚರ ಸಂಸ್ಥೆಗೆ ಹೊಸ ಮುಖ್ಯಸ್ಥರು ಬಂದಾಗ ಉಪಮುಖ್ಯಸ್ಥರು ಯಾರೆಂದು ನಾನು ಮೊದಲು ನೋಡುತ್ತೇನೆ. ಅಮೆರಿಕದ ಸಿಐಎಯನ್ನೇ ತೆಗೆದುಕೊಳ್ಳಿ. 2004ರಲ್ಲಿ ರಾಜಕಾರಣಿ ಪೋರ್ಟರ್ ಗಾಸ್ ಮುಖ್ಯಸ್ಥರಾದರು. ಅವರ ಆಪ್ತರೊಂದಿಗೆ ಜಟಾಪಟಿಯಾಗಿ, ತಮ್ಮ ಕೈಕೆಳಗಿನ ಅಧಿಕಾರಿಯ ಎತ್ತಂಗಡಿಗೆ ಒಪ್ಪದೆ ಹಿರಿಯ ಬೇಹುಗಾರ ಸ್ಟೀಫನ್ ಕ್ಯಾಪ್ಸ್ ರಾಜೀನಾಮೆ ಕೊಟ್ಟರು. 2006ರಲ್ಲಿ ವಾಯುಪಡೆಯ ಜನರಲ್ ಮೈಕೆಲ್ ಹೇಡನ್ ಬಂದಾಗ, ಸಂಸ್ಥೆ ಸೇನೆಯ ಪಾಲಾಯಿತೆಂಬ ಅಳುಕು ಹುಟ್ಟಿತು. ಅದನ್ನು ತಣಿಸಲು ಅದೇ ಕ್ಯಾಪ್ಸ್ ಅವರನ್ನು ಉಪಮುಖ್ಯಸ್ಥರಾಗಿ ಕರೆತಂದರು. ಬೇಹುಗಾರಿಕೆಯ ಅನುಭವವಿಲ್ಲದ ಲಿಯಾನ್ ಪನೆಟಾ 2009ರಲ್ಲಿ ಬಂದಾಗಲೂ ಕ್ಯಾಪ್ಸ್ ಅವರನ್ನು ಉಳಿಸಿಕೊಂಡರು.

ಹೀಗೆ ಹೊರಗಿನಿಂದ ಬಂದ ಮುಖ್ಯಸ್ಥರಿಗೆ ಒಳಗಿನ ಉಪಮುಖ್ಯಸ್ಥರು ಆಸರೆಯಾಗುತ್ತಾರೆ; ಆದರೆ ನನ್ನ ಕಳವಳ ಬೇರೆ. ಮುಖ್ಯಸ್ಥರಿಗೆ ಸೆನೆಟ್‌ನ ಒಪ್ಪಿಗೆ ಬೇಕು, ಉಪಮುಖ್ಯಸ್ಥರಿಗೆ ಬೇಡ. ಬಂಧಿತರಿಗೆ ಚಿತ್ರಹಿಂಸೆ ನೀಡಲಾದ, ಥಾಯ್ಲೆಂಡಿನ ಸಿಐಎ ರಹಸ್ಯ ಸೆರೆಮನೆಯ ಉಸ್ತುವಾರಿ ವಹಿಸಿದ್ದ ಜೀನಾ ಹ್ಯಾಸ್ಪೆಲ್ 2017ರಲ್ಲಿ ಹಾಗೆಯೇ ಉಪಮುಖ್ಯಸ್ಥೆಯಾದರು. ಚಿತ್ರಹಿಂಸೆಯ ಪ್ರಶ್ನೆಗಳನ್ನು ಸೆನೆಟ್ ಅವರಿಗೆ ಬಹಿರಂಗವಾಗಿ ಕೇಳಿದ್ದು 2018ರಲ್ಲಿ, ಅವರು ಮುಖ್ಯಸ್ಥೆಯಾಗಲು ಹೊರಟಾಗ. ಅವು ಒಂದು ವರ್ಷ ಮೊದಲೇ ಕೇಳಬೇಕಿದ್ದ ಪ್ರಶ್ನೆಗಳು.