ಪುಣೆ ನಗರಸಭೆಯ ಒಂಟಿ ಮತ: ಜೋತಿರಾವ ಫುಲೆ

ಮಹಾತ್ಮ ಜೋತಿರಾವ ಫುಲೆಯವರು 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವರೆಂದೂ 1873ರಲ್ಲಿ ಸತ್ಯಶೋಧಕ ಸಮಾಜವನ್ನು ಸ್ಥಾಪಿಸಿದವರೆಂದೂ ನಮ್ಮ ಓದುಗರು ಬಲ್ಲರು. ಆದರೆ 1876ರಿಂದ 1882ರವರೆಗೆ ಅವರು ಪುಣೆ ನಗರಸಭೆಯ ಸದಸ್ಯರಾಗಿದ್ದರೆಂಬ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳೂ ಅಂದು ಅದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದುದರಿಂದ ಅವರ ಜೀವನದ ಈ ಅಧ್ಯಾಯ ನಮಗೆ ತೀರ ಹೊರಗಿನದಲ್ಲ.

ಆಗ ಸಭಾಸದರನ್ನು ಜನರು ಚುನಾಯಿಸುತ್ತಿರಲಿಲ್ಲ, ಸರಕಾರವೇ ನೇಮಿಸುತ್ತಿತ್ತು. ನೇಮಕಗೊಂಡವರು ನೇಮಿಸಿದವರ ಮುಖ ನೋಡಿ ಕೈಯೆತ್ತುವುದು ಸಹಜ. ಅದು ಆ ಕಾಲದ ದೋಷವಷ್ಟೇ ಎಂದು ಹೇಳುವ ಧೈರ್ಯ ನಮಗಿಲ್ಲ! 1880ರಲ್ಲಿ ವೈಸರಾಯರು ಪುಣೆಗೆ ಬರುವ ಸಂದರ್ಭ ಒದಗಿತು. ಬೀದಿಗಳ ಶೃಂಗಾರಕ್ಕಾಗಿ 1000 ರೂಪಾಯಿ ವೆಚ್ಚ ಮಾಡಬೇಕೆಂದು ಅಧ್ಯಕ್ಷರು ಸೂಚಿಸಿದರು. ಫುಲೆಯವರು ಎದ್ದು ನಿಂತು, ಆ ಹಣ ಬಡ ಮಕ್ಕಳ ವಿದ್ಯಾಭ್ಯಾಸಕ್ಕೆ ಸಲ್ಲಲಿ ಎಂದರು. ಸಭೆಯಲ್ಲಿದ್ದ 32 ಮಂದಿ ಸದಸ್ಯರಲ್ಲಿ ಠರಾವಿಗೆ ವಿರುದ್ಧವಾಗಿ ಬಿದ್ದ ಮತ ಅವರದೊಂದೇ. ಠರಾವು ಅಂಗೀಕಾರವಾಯಿತು.

ಅದೇ ವರ್ಷದ ಜುಲೈ ತಿಂಗಳಲ್ಲಿ, ಊರಿನಲ್ಲಿ ಹೆಂಡದಂಗಡಿಗಳು ಹೆಚ್ಚುತ್ತಿರುವುದನ್ನು ಆಕ್ಷೇಪಿಸಿ ಅವರು ನಗರಸಭೆಯ ಕಾರ್ಯಕಾರಿ ಸಮಿತಿಯ ಮುಖ್ಯಸ್ಥ ಪ್ಲಂಕೆಟ್ ಅವರಿಗೆ ಪತ್ರ ಬರೆದರು. ಆದರೆ ಅಬಕಾರಿಯ ಉತ್ಪನ್ನ ಸರಕಾರದ ಬೊಕ್ಕಸಕ್ಕೆ ಹೋಗುತ್ತಿತ್ತು. ಕುಡಿತದಿಂದ ಕೆಟ್ಟ ಕುಟುಂಬಗಳು ಮಾತ್ರ ಊರಿನ ಪಾಲಿಗೆ ಉಳಿಯುತ್ತಿದ್ದವು.

ಫುಲೆಯವರು ಸ್ವತಃ ಗುತ್ತಿಗೆದಾರರು, ವ್ಯಾಪಾರಸ್ಥರು. ಖಡಕವಾಸಲಾ ಜಲಾಶಯದ ಕಾಮಗಾರಿಗೆ ಸಾಮಗ್ರಿ ಒದಗಿಸಿ ಹಣ ಗಳಿಸಿದವರು. ಗುತ್ತಿಗೆದಾರನೊಬ್ಬ ಸಭಾಸದನಾದರೆ ಜನ ಹುಬ್ಬೇರಿಸುವುದು ಸಹಜ. ಆದರೆ ಲೋಕೋಪಯೋಗಿ ಇಲಾಖೆಯಲ್ಲಿ ಕೂಲಿಕಾರರನ್ನು ಸುಲಿಯುವ ನೌಕರರ ಬಗ್ಗೆ ಪದ್ಯ ಬರೆದು ಬಯಲಿಗೆಳೆದವರೂ ಇವರೇ. ತನಗೆ ಅನ್ನ ಕೊಡುವ ವ್ಯವಹಾರದ ಹುಳುಕನ್ನು ತಾನೇ ಹೊರಗಿಡುವುದು ಸಾಮಾನ್ಯ ಸಂಗತಿಯೇ? ಕಾಯಕವೆಂದರೆ ಕೇವಲ ದುಡಿಮೆಯಲ್ಲ, ಶುದ್ಧವಾದ ದುಡಿಮೆ ಎಂದು ನಂಬಿದ ನಮಗೆ ಈ ನಡೆ ವಿಶೇಷವಾಗಿ ಮೆಚ್ಚುಗೆಯಾಗುತ್ತದೆ.

ಇನ್ನು ಮಾರುಕಟ್ಟೆಯ ವಿಚಾರ. ಶನಿವಾರವಾಡೆಯ ಮುಂದೆ ಬಯಲಲ್ಲಿ ಕುಳಿತು ಕಾಯಿಪಲ್ಯ ಮಾರುತ್ತಿದ್ದವರಿಗಾಗಿ ಭವ್ಯ ಕಟ್ಟಡವೊಂದನ್ನು ಕಟ್ಟುವ ಯೋಜನೆ ಹುಟ್ಟಿತು. ಫುಲೆಯವರು ತೋಟಗಾರ ಮಾಳಿ ಸಮಾಜದವರು. ಯೋಜನೆಯ ಪ್ರಯೋಜನ ಅವರವರಿಗೇ ಎನ್ನಬಹುದು. ಆದರೂ ಅವರು ಅದನ್ನು ವಿರೋಧಿಸಿದರು: ಮೊದಲು ಶಾಲೆ, ಆಮೇಲೆ ಗೋಪುರ. ಇಲ್ಲಿ ನಾವು ಅವರ ಪಕ್ಷವನ್ನೇ ಪೂರ್ಣವಾಗಿ ವಹಿಸಲಾರೆವು. ಮಳೆ ಬಿಸಿಲಿನಲ್ಲಿ ಕುಳಿತ ಮಾರಾಟಗಾರರಿಗೂ ಒಂದು ಸೂರು ಬೇಕಿತ್ತು. ಆ ಕಟ್ಟಡ ಶತಮಾನವನ್ನು ದಾಟಿ ಊರಿನ ಉಪಯೋಗಕ್ಕೆ ನಿಂತಿದೆ. 1886ರ ಹೊತ್ತಿಗೆ ಅದು ಪೂರ್ಣವಾಗಿ, ಗವರ್ನರ್ ಲಾರ್ಡ್ ರೇ ಅವರ ಹೆಸರನ್ನು ಹೊತ್ತುಕೊಂಡಿತು.

1890ರ ನವೆಂಬರ್ 28ರಂದು ಫುಲೆಯವರು ನಿಧನರಾದರು. ಆದರೆ ನಗರಸಭೆಯೊಡನೆ ಅವರ ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. 1924ರಲ್ಲಿ ಅದೇ ಮಾರುಕಟ್ಟೆಯಲ್ಲಿ ಲೋಕಮಾನ್ಯ ತಿಲಕರ ಪ್ರತಿಮೆ ಸ್ಥಾಪನೆಯಾಯಿತು. ಮರುವರ್ಷ ಕೇಶವರಾವ ಜೇಧೆಯವರು ಫುಲೆಯವರ ಪ್ರತಿಮೆಯೂ ಆಗಲೆಂದು ನಗರಸಭೆಯಲ್ಲಿ ಸೂಚನೆ ತಂದರು. ಸಭೆಯಲ್ಲಿ ಕೋಲಾಹಲವಾಗಿ ಸೂಚನೆ ಬಿದ್ದುಹೋಯಿತು. ಫುಲೆಯವರನ್ನು ಹೀಯಾಳಿಸಿದ ಬರಹಗಳಿಗೆ ಉತ್ತರವಾಗಿ ದಿನಕರರಾವ ಜವಳಕರರು ‘ದೇಶಾಚೆ ದುಶ್ಮನ್’ ಎಂಬ ಪುಸ್ತಿಕೆ ಬರೆದರು. ಅದರ ಭಾಷೆ ಸಂಯಮ ಮೀರಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಮಾನಹಾನಿಯ ಮೊಕದ್ದಮೆ ನಡೆಯಿತು, ಶಿಕ್ಷೆಯೂ ಆಯಿತು. 1926ರಲ್ಲಿ ಮೇಲ್ಮನವಿಯಲ್ಲಿ ಆರೋಪಿಗಳ ಪರವಾಗಿ ವಾದಿಸಿ ಬಿಡಿಸಿದವರು ಡಾ. ಬಿ. ಆರ್. ಅಂಬೇಡ್ಕರ್.

ಮುಂದೆ ಆಚಾರ್ಯ ಅತ್ರೆಯವರು ನಗರಸಭೆಯಲ್ಲಿದ್ದಾಗ ಅವರ ಪ್ರಯತ್ನದಿಂದ ಆ ಮಾರುಕಟ್ಟೆಗೆ ಹೊಸ ಹೆಸರು ಬಂತು. ಇಂದು ಪುಣೆಗೆ ಹೋದ ನಮ್ಮವರು ಕಾಯಿಪಲ್ಯ ಕೊಳ್ಳುವುದು ಮಹಾತ್ಮ ಫುಲೆ ಮಂಡಈಯಲ್ಲಿ. ಯಾವ ಕಟ್ಟಡ ಬೇಡವೆಂದು ಅವರು ವಾದಿಸಿದ್ದರೋ ಅದೇ ಕಟ್ಟಡದಲ್ಲಿ.